ವಸತಿದಾನ ಮತ್ತು ಸ್ತ್ರೀಯ ಮನೆಯ ಹಕ್ಕು

ಬಸದಿ ಎಂಬ ಕನ್ನಡ ಪದವು ಸಂಸ್ಕೃತದ ‘ವಸತಿ’ಯ ತದ್ಭವ. ಪೂಜೆ, ಅಭಿಷೇಕ, ಸ್ವಾಧ್ಯಾಯಗಳ ಸ್ಥಾನಕ್ಕೆ ಕನ್ನಡನಾಡಿನ ಪೂರ್ವಿಕರು ಕೊಟ್ಟ ಹೆಸರಿನ ಮೂಲಾರ್ಥ ‘ವಾಸಿಸುವ ಎಡೆ’ ಎಂಬುದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವೈಯಾವೃತ್ಯವನ್ನು ನಿರೂಪಿಸುವಾಗ ಆಹಾರ, ಔಷಧ, ಉಪಕರಣಗಳ ಜೊತೆಗೆ ಆವಾಸವನ್ನೂ ಎಣಿಸಿ ದಾನವನ್ನು ನಾಲ್ಕು ಬಗೆಯಾಗಿ ಹೇಳಿದ್ದಾರೆ. ಅಲ್ಲಿಯ ಸಂದರ್ಭ ತ್ಯಾಗಿಗಳ ಸೇವೆಯದು. ಮನೆಯನ್ನು ತಾವಾಗಿ ತೊರೆದು ಬಂದವರಿಗೆ ತಂಗಲು ನೆಲೆ ಒದಗಿಸುವುದು ಶ್ರಾವಕನ ಕರ್ತವ್ಯ. ಹಾಗಾದರೆ ತಾವಾಗಿ ತೊರೆಯದೆ, ಇತರರ ನಿರ್ಧಾರದಿಂದ ಮನೆಯ ಹೊರಗಾದವರ ವಿಷಯದಲ್ಲಿ ಶ್ರಾವಕನ ಕರ್ತವ್ಯವೇನು? ಹಾಗೆ ಹೊರಗಾದವರಲ್ಲಿ ವಿಧವೆಯರು, ಪತಿಯಿಂದ ಪರಿತ್ಯಕ್ತರಾದವರು, ವೃದ್ಧಮಾತೆಯರು, ಅವಿವಾಹಿತ ಸೋದರಿಯರು ಮೊದಲಿಗರು. ಅವರಿಗೆ ಮನೆಯ ಹಕ್ಕು ಹೇಗೆ ಬಂತು, ಬಂದ ಹಕ್ಕು ಈಗ ಎಲ್ಲಿ ನಿಂತಿದೆ ಎಂಬುದನ್ನು ಇತಿಹಾಸದ ಬೆಳಕಿನಲ್ಲಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಕಣ್ಣಿಗೆ ಬೀಳದ ನಿರ್ವಸತಿ

2011ರ ಜನಗಣತಿಯು ದೇಶದಲ್ಲಿ ಸುಮಾರು 17.7 ಲಕ್ಷ ಮಂದಿ ಮನೆಯಿಲ್ಲದವರನ್ನು ಎಣಿಸಿತು. ರಸ್ತೆಬದಿ, ರೈಲುನಿಲ್ದಾಣ, ಸೇತುವೆಯ ಅಡಿ, ಗುಡಿಯ ಅಂಗಳ, ಇಂಥ ಬಯಲುಗಳಲ್ಲಿ ರಾತ್ರಿ ಕಳೆಯುತ್ತಿದ್ದವರು ಆ ಲೆಕ್ಕದೊಳಗೆ ಬಂದರು. ಆದರೆ ಸ್ತ್ರೀಯ ನಿರ್ವಸತಿ ಬಹುಮಟ್ಟಿಗೆ ಈ ರೂಪದ್ದಲ್ಲ. ಆರು ತಿಂಗಳು ಅಣ್ಣನ ಮನೆ, ಮೂರು ತಿಂಗಳು ಮಗಳ ಮನೆ, ಸುಗ್ಗಿಯಲ್ಲಿ ಯಾರದೋ ಹೊಲದ ಗುಡಿಸಲು ಎಂದು ಅಲೆಯುವ ವಿಧವೆಯು ಗಣತಿಯ ರಾತ್ರಿ ಯಾವುದೋ ಒಂದು ಸೂರಿನ ಕೆಳಗೇ ಇರುತ್ತಾಳೆ. ಆದ್ದರಿಂದ ಆಕೆ ಮನೆಯುಳ್ಳವರ ಸಾಲಿಗೆ ಸೇರುತ್ತಾಳೆ. ಆಕೆಗೆ ಸೂರಿದೆ, ‘ಹೊರಡು’ ಎಂದರೆ ‘ಹೊರಡೆನು’ ಎನ್ನುವ ಅಧಿಕಾರವಿಲ್ಲ.

ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಕುಬಿಹಾಳದಂಥ ಗ್ರಾಮಗಳನ್ನು ಕುರಿತು ಯೋಚಿಸಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. 2013ರಲ್ಲಿ ಕೇಂದ್ರ ಸರಕಾರವು ನಗರ ಜೀವನೋಪಾಯ ಅಭಿಯಾನದ ಅಂಗವಾಗಿ, ಪ್ರತಿ ಒಂದು ಲಕ್ಷ ನಗರವಾಸಿಗಳಿಗೆ ನೂರು ಮಂದಿಯ ಒಂದು ಆಶ್ರಯಧಾಮವಿರಬೇಕೆಂದು ನಿಯಮ ಮಾಡಿತು. ಅದಕ್ಕೆ ಮುನ್ನ, 2010ರಲ್ಲಿ, ದೆಹಲಿಯ ಚಳಿಯಲ್ಲಿ ನಿರ್ವಸಿತರು ಪಡುತ್ತಿದ್ದ ಪಾಡನ್ನು ಸುಪ್ರೀಂ ಕೋರ್ಟಿನ ಮುಂದಿಟ್ಟವರ ಪ್ರಯತ್ನ ಆ ನಿಯಮದ ಹಿಂದಿತ್ತು. ಅದು ಶ್ಲಾಘ್ಯವಾದ ಕಾರ್ಯ. ಆದರೂ ಅದು ನಗರದ ನಿಯಮ. ಹತ್ತಿ, ಮೆಣಸಿನಕಾಯಿ, ಶೇಂಗಾ, ಜೋಳ ಬೆಳೆಯುವ ಎರೆಸೀಮೆಯ ಹಳ್ಳಿಗಳಲ್ಲಿ ಆಶ್ರಯಧಾಮವಿಲ್ಲ. ಅಲ್ಲಿ ಹೆಣ್ಣಿಗೆ ಇರುವುದು ಎರಡೇ ನೆಲೆ, ತವರುಮನೆ ಮತ್ತು ಗಂಡನ ಮನೆ. ಆ ಎರಡರಲ್ಲಿಯೂ ಆಕೆಯ ಸ್ಥಾನ ಹಕ್ಕಿನದೋ ಕೃಪೆಯದೋ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಅಳುವವಳ ಧನ

ಈ ಪ್ರಶ್ನೆ ಹೊಸದಲ್ಲ. ಕಾಳಿದಾಸನ ಅಭಿಜ್ಞಾನ ಶಾಕುಂತಲದ ಆರನೆಯ ಅಂಕದಲ್ಲಿ ಹಡಗು ಮುಳುಗಿ ಸತ್ತ ಧನಮಿತ್ರನೆಂಬ ವ್ಯಾಪಾರಿಯ ಪ್ರಸಂಗ ಬರುತ್ತದೆ. ಆತನಿಗೆ ಸಂತಾನವಿಲ್ಲ, ಆದ್ದರಿಂದ ಆಸ್ತಿ ರಾಜನಿಗೆ ಸೇರಬೇಕು ಎಂದು ಮಂತ್ರಿ ವರದಿ ಮಾಡುತ್ತಾನೆ. ಆತನ ಪತ್ನಿಯರಲ್ಲಿ ಯಾರಾದರೂ ಗರ್ಭಿಣಿಯಿರುವಳೇ ವಿಚಾರಿಸಿ ಎಂದು ದುಷ್ಯಂತನು ಅಪ್ಪಣೆ ಕೊಡುತ್ತಾನೆ. ಹುಟ್ಟಲಿರುವ ಶಿಶುವಿಗೆ ಹಕ್ಕುಂಟು, ಬದುಕಿರುವ ಪತ್ನಿಗಿಲ್ಲ. ಇದು ಆ ಕಾಲದ ವ್ಯವಸ್ಥೆ.

ಈ ವ್ಯವಸ್ಥೆಯನ್ನು ತೊಡೆದುಹಾಕಿದ ಕೀರ್ತಿ ಒಬ್ಬ ಜೈನ ಅರಸನಿಗೆ ಸಲ್ಲುತ್ತದೆ. 12ನೆಯ ಶತಮಾನದಲ್ಲಿ ಗುಜರಾತನ್ನು ಆಳಿದ ಚೌಲುಕ್ಯ ಕುಮಾರಪಾಲನ ಕಾಲದಲ್ಲಿ, ಪುತ್ರರಿಲ್ಲದೆ ಸತ್ತವನ ಆಸ್ತಿಯನ್ನು ರಾಜಭಂಡಾರಕ್ಕೆ ಸೇರಿಸಿಕೊಳ್ಳುವ ಪದ್ಧತಿಯಿತ್ತು. ಅದಕ್ಕೆ ‘ರುದತೀವಿತ್ತ’ ಎಂಬ ಹೆಸರು ಪ್ರಚಲಿತವಾಗಿತ್ತು. ಅಳುವವಳ ಧನ ಎಂದು ಅದರ ಅರ್ಥ. ಪತಿಯನ್ನೂ ಪುತ್ರನನ್ನೂ ಕಳೆದುಕೊಂಡ ಸ್ತ್ರೀಯೊಬ್ಬಳ ರೋದನವನ್ನು ಅರಸನು ರಾತ್ರಿ ಕೇಳಿದ ಪ್ರಸಂಗವನ್ನು ಹೇಮಚಂದ್ರಾಚಾರ್ಯರು ದ್ವ್ಯಾಶ್ರಯ ಕಾವ್ಯದಲ್ಲಿ ವರ್ಣಿಸಿದ್ದಾರೆ. ಇರುವ ಆಸ್ತಿಯೂ ಅರಮನೆಯ ಪಾಲಾಗುವುದೆಂದು ತಿಳಿದಿದ್ದ ಆಕೆ ಪ್ರಾಣತ್ಯಾಗಕ್ಕೆ ಸಿದ್ಧಳಾಗಿದ್ದಳು. ಆಚಾರ್ಯರ ಉಪದೇಶದಿಂದ ಪರಿವರ್ತಿತನಾಗಿದ್ದ ಕುಮಾರಪಾಲನು ಆ ಆದಾಯವನ್ನೇ ತ್ಯಜಿಸಿದನು. ಯಶಃಪಾಲನ ಮೋಹರಾಜಪರಾಜಯ ನಾಟಕವೂ ಈ ಸಂಗತಿಯನ್ನು ಕೊಂಡಾಡಿದೆ. ಅರಸನು ಆ ಒಬ್ಬ ಸ್ತ್ರೀಗೆ ಹಣ ಕೊಟ್ಟು ಕೈತೊಳೆದುಕೊಳ್ಳಲಿಲ್ಲ, ನಿಯಮವನ್ನೇ ಬದಲಿಸಿದನು. ದಾನಕ್ಕೂ ನೀತಿಯ ಬದಲಾವಣೆಗೂ ಇರುವ ಅಂತರವನ್ನು ಜೈನ ಇತಿಹಾಸದ ಈ ಪ್ರಸಂಗಕ್ಕಿಂತ ಚೆನ್ನಾಗಿ ತೋರಿಸುವ ನಿದರ್ಶನ ಇನ್ನೊಂದಿಲ್ಲ.

ಕನ್ನಡನಾಡು ಈ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ದಾಯಾದಿಗಳಿಂದ ವಿಭಕ್ತನಾಗಿ, ಪುತ್ರನಿಲ್ಲದೆ ಸತ್ತವನ ಸಮಸ್ತ ಧನವೂ ಅವನ ಪತ್ನಿಗೆ ಸೇರುವುದೆಂದು ಅವನು ಪೂರ್ವಪಕ್ಷಗಳನ್ನು ಒಂದೊಂದಾಗಿ ಖಂಡಿಸಿ ಸ್ಥಾಪಿಸಿದನು. ಸ್ತ್ರೀಧನದ ವ್ಯಾಪ್ತಿಯನ್ನೂ ಹಿಗ್ಗಿಸಿದನು. ವಿಜಾಪುರ ಸೀಮೆಯ ಮನಗೂಳಿಯ 12ನೆಯ ಶತಮಾನದ ಶಾಸನವು ಇದೇ ನ್ಯಾಯವನ್ನು ಊರಿನ ಕಟ್ಟಳೆಯಾಗಿ ವಿಧಿಸಿದೆ. ಗಂಡುಮಕ್ಕಳಿಲ್ಲದೆ ಸತ್ತವನ ಆಸ್ತಿ ಹೆಂಡತಿಗೆ, ಹೆಣ್ಣುಮಕ್ಕಳಿಗೆ, ಬಳಿಕ ಇತರ ಬಂಧುಗಳಿಗೆ ಸಲ್ಲಬೇಕು. ಯಾರೂ ಇಲ್ಲದಿದ್ದರೆ ಮಾತ್ರ ಅದು ದೇವರ ದತ್ತಿಯಾಗಬೇಕು. ದೇವಸ್ಥಾನದ ಸರದಿ ಎಲ್ಲರಿಗಿಂತ ಕೊನೆಯದು. ಇಂದಿನ ಟ್ರಸ್ಟುಗಳು ಗಮನಿಸಬೇಕಾದ ಅನುಕ್ರಮವಿದು.

ದಾನಚಿಂತಾಮಣಿ ಅತ್ತಿಮಬ್ಬೆಯ ಚರಿತ್ರೆಯನ್ನು ಈ ಹಿನ್ನೆಲೆಯಲ್ಲಿ ಮತ್ತೊಮ್ಮೆ ನೋಡಬೇಕು. ಪತಿ ನಾಗದೇವನು ಯುದ್ಧದಲ್ಲಿ ಮಡಿದಾಗ ಆಕೆಯ ತಂಗಿಯೂ ಸವತಿಯೂ ಆಗಿದ್ದ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಮಗನೊಡನೆ ಬದುಕಿದಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿದಳು. ರನ್ನನಿಂದ ಅಜಿತಪುರಾಣವನ್ನು ಬರೆಯಿಸಿದಳು. 1007ರ ಲಕ್ಕುಂಡಿಯ ಶಾಸನವು ಆಕೆ ಕಟ್ಟಿಸಿದ ಬಸದಿಯನ್ನು ಸಾರುತ್ತಿದೆ. ವೈಧವ್ಯದಿಂದ ಆಕೆಯ ಸಂಪತ್ತಿನ ಮೇಲಣ ಅಧಿಕಾರ ಹೋಗಲಿಲ್ಲ. ಹೋಗಿದ್ದರೆ ಈ ದಾನಗಳಾವುವೂ ನಡೆಯುತ್ತಿರಲಿಲ್ಲ. ಆಕೆ ಮಂತ್ರಿಮನೆತನದವಳು, ಸಾಮಾನ್ಯ ಸ್ತ್ರೀಯರ ಪಾಡು ಹಾಗಿರಲಿಲ್ಲ ಎಂಬುದು ನಿಜ. ಆದರೆ ಸ್ವಂತ ಆಸ್ತಿಯುಳ್ಳ ವಿಧವೆ ಧರ್ಮಕ್ಕೆ ಎಂಥ ಆಧಾರವಾಗಬಲ್ಲಳು ಎಂಬುದನ್ನು ಸಮಾಜವು ಸಾವಿರ ವರ್ಷಗಳಿಂದ ಹೆಮ್ಮೆಯಿಂದ ಹೇಳಿಕೊಂಡು ಬಂದಿದೆ.

ನ್ಯಾಯಾಲಯಗಳಲ್ಲಿ ಜೈನ ವಿಧವೆ

ಮಿತಾಕ್ಷರೆಯ ನ್ಯಾಯಕ್ಕೆ ಒಂದು ಮಿತಿಯಿತ್ತು. ಪತಿ ವಿಭಕ್ತನಾಗಿದ್ದರೆ ಮಾತ್ರ ಪತ್ನಿಗೆ ಹಕ್ಕು. ಕೂಡುಕುಟುಂಬದಲ್ಲಿ ಆಕೆಗೆ ಉಳಿದದ್ದು ಅನ್ನವಸ್ತ್ರ ಮತ್ತು ಇರಲೊಂದು ಮೂಲೆ. ಬ್ರಿಟಿಷರ ಕಾಲದ ನ್ಯಾಯಾಲಯಗಳು ವಿಭಕ್ತನ ವಿಧವೆಯ ಹಕ್ಕನ್ನೂ ಆಕೆಯ ಜೀವಿತಾವಧಿಗೆ ಸೀಮಿತಗೊಳಿಸಿದವು. ಆಕೆ ಮನೆಯಲ್ಲಿ ಇರಬಹುದು, ಶಾಸ್ತ್ರ ಒಪ್ಪುವ ಅಗತ್ಯವಿಲ್ಲದೆ ಮಾರುವಂತಿಲ್ಲ. ಆಕೆಯ ಬಳಿಕ ಅದು ಪತಿಯ ದಾಯಾದಿಗಳಿಗೆ.

ಜೈನರಲ್ಲಿ ಇದಕ್ಕಿಂತ ಉದಾರವಾದ ರೂಢಿಯಿತ್ತು. 1878ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್, ಉತ್ತರ ಭಾರತದ ಸರಾವಗಿ ಅಗರವಾಲ ಜೈನರ ಮೊಕದ್ದಮೆಯೊಂದರಲ್ಲಿ, ಪುತ್ರರಿಲ್ಲದ ಜೈನ ವಿಧವೆಗೆ ಪತಿಯ ಸ್ವಾರ್ಜಿತ ಆಸ್ತಿಯ ಮೇಲೆ ಪೂರ್ಣ ಸ್ವಾಮ್ಯವಿರುವ ರೂಢಿಯನ್ನು ಎತ್ತಿಹಿಡಿಯಿತು. ಪತಿಯ ಪೂರ್ವಾನುಮತಿಯಿಲ್ಲದೆ ದತ್ತಕ ತೆಗೆದುಕೊಳ್ಳುವ ಆಕೆಯ ಅಧಿಕಾರವನ್ನೂ ಮನ್ನಿಸಿತು. ಚಂಪತ್‌ರಾಯ್ ಜೈನರು ಭದ್ರಬಾಹು ಸಂಹಿತೆ, ಅರ್ಹನ್ನೀತಿ ಮೊದಲಾದ ಗ್ರಂಥಗಳ ಆಧಾರದಿಂದ 1926ರಲ್ಲಿ ಜೈನ ಕಾನೂನಿನ ಗ್ರಂಥವೊಂದನ್ನು ಪ್ರಕಟಿಸಿ, ವಿಧವೆಯ ಪೂರ್ಣ ಸ್ವಾಮ್ಯವು ಜೈನ ಶಾಸ್ತ್ರಸಮ್ಮತವೆಂದು ವಾದಿಸಿದರು. ಆದರೆ ಮುಂಬಯಿ ಹೈಕೋರ್ಟು 1873ರಷ್ಟು ಹಿಂದೆಯೇ, ಬೇರೆ ರೂಢಿ ಸಿದ್ಧವಾಗದ ಹೊರತು ಜೈನರಿಗೂ ಹಿಂದೂ ಕಾನೂನೇ ಅನ್ವಯವೆಂದು ತೀರ್ಮಾನಿಸಿತ್ತು. ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ರೂಢಿಯನ್ನು ಸಾಕ್ಷಿಗಳಿಂದ ಸಿದ್ಧಪಡಿಸುವ ಭಾರ ವಿಧವೆಯ ಮೇಲೆಯೇ ಬೀಳುತ್ತಿತ್ತು. ಓದುಬರಹವಿಲ್ಲದ, ಕೈಯಲ್ಲಿ ಹಣವಿಲ್ಲದ ಹಳ್ಳಿಯ ಹೆಣ್ಣುಮಗಳಿಗೆ ಅದು ಸಾಧ್ಯವಿದ್ದ ಮಾತಲ್ಲ. ಗ್ರಂಥದಲ್ಲಿದ್ದ ಔದಾರ್ಯ ಆಕೆಯ ಹೊಸ್ತಿಲಿಗೆ ಬರಲಿಲ್ಲ.

ಆಶ್ರಮಗಳ ಯುಗ

ಕಾನೂನು ಕೈಕೊಟ್ಟಲ್ಲಿ ಸಮಾಜಸೇವಕರು ಆಶ್ರಮಗಳನ್ನು ತೆರೆದರು. ಕರ್ನಾಟಕದ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ಸ್ಥಾಪಿಸಿದರು. ಪುಣೆಯ ಬಳಿಯ ಹಿಂಗಣೆಯಲ್ಲಿ ಧೋಂಡೋ ಕೇಶವ ಕರ್ವೆಯವರು ವಿಧವೆಯರಿಗಾಗಿ ಆಶ್ರಮ ಕಟ್ಟಿದರು. ಜೈನ ಸಮಾಜದಲ್ಲಿ ಈ ಕಾರ್ಯವನ್ನು ವಿಧವೆಯರೇ ಕೈಗೆತ್ತಿಕೊಂಡರು ಎಂಬುದು ಸ್ಮರಣೀಯ. ದಾನವೀರ ಸೇಠ್ ಮಾಣಿಕಚಂದ ಹಿರಾಚಂದರ ಮಗಳು ಮಗನ್‌ಬಾಯಿ ಎಳೆವಯಸ್ಸಿನಲ್ಲಿ ಪತಿಯನ್ನು ಕಳೆದುಕೊಂಡವರು. 20ನೆಯ ಶತಮಾನದ ಆರಂಭದಲ್ಲಿ ಶ್ರಾವಿಕಾಶ್ರಮವನ್ನು ನಡೆಸಿದರು. ಬಾಲವಿಧವೆಯಾಗಿದ್ದ ಬ್ರಹ್ಮಚಾರಿಣಿ ಚಂದಾಬಾಯಿಯವರು 1921ರಲ್ಲಿ ಬಿಹಾರದ ಆರಾದಲ್ಲಿ ಜೈನ ಬಾಲಾ ವಿಶ್ರಾಮವನ್ನು ಸ್ಥಾಪಿಸಿದರು. ಕನ್ನಡಿಗರೂ ನೆಲೆಸಿರುವ ಸೊಲ್ಲಾಪುರದಲ್ಲಿ ಪಂಡಿತಾ ಸುಮತಿಬಾಯಿ ಶಹಾ ಅವರು ಶ್ರಾವಿಕಾ ಸಂಸ್ಥೆಯನ್ನು ದೊಡ್ಡದಾಗಿ ಬೆಳೆಸಿದರು.

ಈ ಮಹನೀಯರ ಉಪಕಾರವನ್ನು ಸಮಾಜ ಮರೆಯಲಾರದು. ಅವರು ಸಾವಿರಾರು ಹೆಣ್ಣುಮಕ್ಕಳಿಗೆ ಅಕ್ಷರ, ಉದ್ಯೋಗ, ಆತ್ಮಗೌರವಗಳನ್ನು ಕೊಟ್ಟರು. ಆದರೆ ಆಶ್ರಮಕ್ಕೆ ಬಂದವಳು ತನ್ನ ಮನೆಯನ್ನು ಕಳೆದುಕೊಂಡ ಮೇಲೆಯೇ ಬಂದವಳು. ಕಳೆದುಕೊಳ್ಳದಂತೆ ಮಾಡುವುದು ಆಶ್ರಮದ ಕೈಯಲ್ಲಿರಲಿಲ್ಲ. ಅದಕ್ಕೆ ಶಾಸನವೇ ಬದಲಾಗಬೇಕಿತ್ತು.

ಮಂಗಳೂರಿನ ಒಂದು ಮನೆಯಿಂದ

1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರ ಬಾಲ್ಯದಲ್ಲಿ ಈ ಸತ್ಯ ಕಣ್ಣಮುಂದೆಯೇ ನಡೆಯಿತು. ತಂದೆ ಅನಂತಯ್ಯ ಧಾರೇಶ್ವರರು ಸರಕಾರಿ ಅಧಿಕಾರಿಗಳು, ಅನುಕೂಲಸ್ಥರು. ಕಮಲಾದೇವಿಗೆ ಏಳು ವರ್ಷವಾಗಿದ್ದಾಗ ಅವರು ಮೃತ್ಯುಪತ್ರ ಬರೆಯದೆ ತೀರಿಕೊಂಡರು. ಅಂದಿನ ಕಾನೂನಿನಂತೆ ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನ ವಶವಾಯಿತು. ತಾಯಿ ಗಿರಿಜಾಬಾಯಿಗೂ ಹೆಣ್ಣುಮಕ್ಕಳಿಗೂ ಉಳಿದದ್ದು ತಿಂಗಳ ಜೀವನಾಂಶ. ಗಿರಿಜಾಬಾಯಿ ಅದನ್ನು ನಿರಾಕರಿಸಿ, ತವರಿನಿಂದ ತನಗೆ ಬಂದಿದ್ದ ಆಸ್ತಿಯ ಆಧಾರದಿಂದಲೇ ಮಗಳನ್ನು ಬೆಳೆಸಿದರು. ಸ್ತ್ರೀಧನವೊಂದೇ ಆಕೆಯನ್ನು ಪರರ ಕೃಪೆಯಿಂದ ಕಾಪಾಡಿತು. ಸ್ತ್ರೀಧನವಿಲ್ಲದವಳ ಗತಿಯೇನಾಗುತ್ತಿತ್ತು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಆ ಮಗಳು ಮುಂದೆ 1927ರಲ್ಲಿ ಆರಂಭವಾದ ಅಖಿಲ ಭಾರತ ಮಹಿಳಾ ಸಮ್ಮೇಳನದ ಮೊದಲ ಸಂಘಟನಾ ಕಾರ್ಯದರ್ಶಿಯಾದರು. ಸಮ್ಮೇಳನವು ಶಿಕ್ಷಣದಿಂದ ಆರಂಭಿಸಿ ಕೆಲವೇ ವರ್ಷಗಳಲ್ಲಿ ಉತ್ತರಾಧಿಕಾರದ ಪ್ರಶ್ನೆಗೆ ಬಂದಿತು. ಸಭೆಗಳಲ್ಲಿ ಠರಾವು, ಶಾಸಕರಿಗೆ ಮನವಿ, ಪತ್ರಿಕೆಗಳಲ್ಲಿ ಲೇಖನ, ಹೀಗೆ ಹೆಣ್ಣುಮಕ್ಕಳು ಸಂಘಟಿತರಾಗಿ ಕಾನೂನಿನ ಬದಲಾವಣೆಯನ್ನು ಕೇಳಿದರು.

ಮೈಸೂರು ಸಂಸ್ಥಾನ ಈ ದಿಕ್ಕಿನಲ್ಲಿ ಮೊದಲು ಹೆಜ್ಜೆಯಿಟ್ಟಿತು. 1933ರ ಹಿಂದೂ ಕಾನೂನು ಸ್ತ್ರೀಯರ ಹಕ್ಕುಗಳ ಅಧಿನಿಯಮವು ಕುಟುಂಬದ ಪಾಲಾಗುವಾಗ ತಾಯಿ, ವಿಧವೆ, ಅವಿವಾಹಿತ ಮಗಳಿಗೆ ನಿಶ್ಚಿತವಾದ ಅಂಶವನ್ನು ಗೊತ್ತುಮಾಡಿತು. ಆದರೆ ಅದು ಸಂಸ್ಥಾನದ ಗಡಿಯೊಳಗಿನ ಮಾತು. ಕುಂದಗೋಳವು ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಸುತ್ತಣ ಧಾರವಾಡ ಜಿಲ್ಲೆ ಮುಂಬಯಿ ಆಡಳಿತದಲ್ಲಿತ್ತು. ಒಂದೇ ನುಡಿಯ ಜನರಲ್ಲಿ, ಮೈಸೂರು ಸೀಮೆಯ ವಿಧವೆಗೆ ದೊರೆತ ಅಂಶ ಎರೆಸೀಮೆಯ ವಿಧವೆಗೆ ದೊರೆಯಲಿಲ್ಲ. ಬ್ರಿಟಿಷ್ ಇಂಡಿಯಾಕ್ಕೆ 1937ರಲ್ಲಿ ಬಂದ ಕಾನೂನು ವಿಧವೆಗೆ ಮಗನಷ್ಟೇ ಪಾಲು ಕೊಟ್ಟಿತು. ಆದರೂ ಅದನ್ನು ಜೀವಿತಾವಧಿಯ ಹಕ್ಕಾಗಿಯೇ ಇರಿಸಿತು. ಮಗಳಿಗೆ ಏನನ್ನೂ ಕೊಡಲಿಲ್ಲ.

ಆ ಕಾನೂನಿನ ತೊಡಕುಗಳನ್ನು ಪರಿಶೀಲಿಸಲು 1941ರಲ್ಲಿ ನೇಮಕವಾದ ಸಮಿತಿಗೆ ಮಂಗಳೂರಿನವರೇ ಆದ ಬೆನೆಗಲ್ ನರಸಿಂಗರಾಯರು ಅಧ್ಯಕ್ಷರಾದರು. ಸಮಿತಿ 1945ರಲ್ಲಿ ದೇಶ ಸಂಚರಿಸಿ ಸಾಕ್ಷ್ಯ ಪಡೆಯಿತು. ಮಹಿಳಾ ಸಂಘಗಳು ಅದರ ಮುಂದೆ ಹಾಜರಾದವು. ಹಿಂದೂ ಸಂಹಿತೆಯ ಮಸೂದೆ ಮುಂದುವರಿಯದೆ ನಿಂತಾಗ 1951ರಲ್ಲಿ ಡಾ. ಅಂಬೇಡ್ಕರರು ಮಂತ್ರಿಪದಕ್ಕೆ ರಾಜೀನಾಮೆಯಿತ್ತರು. ಕಟ್ಟಕಡೆಗೆ 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮ ಬಂದಿತು. ಅದು ಜೈನರಿಗೂ ಅನ್ವಯವಾಯಿತು. ಅದರ 14ನೆಯ ಕಲಮು ಸ್ತ್ರೀಯ ವಶದಲ್ಲಿದ್ದ ಆಸ್ತಿಯನ್ನು ಪೂರ್ಣ ಸ್ವಾಮ್ಯದ್ದೆಂದು ಘೋಷಿಸಿತು. ಜೀವನಾಂಶಕ್ಕಾಗಿ ವಿಧವೆಗೆ ಬಿಟ್ಟುಕೊಟ್ಟ ಆಸ್ತಿಯೂ ಆಕೆಯ ಪೂರ್ಣ ಸ್ವತ್ತಾಗುವುದೆಂದು ಸುಪ್ರೀಂ ಕೋರ್ಟು 1977ರಲ್ಲಿ ಸ್ಪಷ್ಟಪಡಿಸಿತು. ಅಳುವವಳ ಧನ ಕೊನೆಗೂ ಅವಳದೇ ಆಯಿತು.

ಹೊಸ್ತಿಲಲ್ಲಿ ನಿಂತ ಹಕ್ಕು

1956ರ ಕಾನೂನು ಹೊಲ, ಹಣ, ಒಡವೆಗಳಲ್ಲಿ ಪಾಲು ಕೊಟ್ಟರೂ ಮನೆಯ ಮಾತು ಬಂದಾಗ ಹಿಂಜರಿಯಿತು. ಅದರ 23ನೆಯ ಕಲಮಿನಂತೆ, ಕುಟುಂಬದವರು ವಾಸಿಸುತ್ತಿರುವ ಮನೆಯಲ್ಲಿ ತನ್ನ ಪಾಲನ್ನು ಬೇರ್ಪಡಿಸಿಕೊಡಿರೆಂದು ಸ್ತ್ರೀ ಉತ್ತರಾಧಿಕಾರಿ ಕೇಳುವಂತಿರಲಿಲ್ಲ. ಗಂಡುಮಕ್ಕಳು ತಾವಾಗಿ ಹಂಚಿಕೊಳ್ಳಲು ಒಪ್ಪುವವರೆಗೆ ಆಕೆ ಕಾಯಬೇಕು. ಮಗಳಿಗೆ ಅಲ್ಲಿ ವಾಸಿಸುವ ಹಕ್ಕು ಕೂಡ ಆಕೆ ಅವಿವಾಹಿತೆಯೋ, ಪರಿತ್ಯಕ್ತೆಯೋ, ಪತಿಯಿಂದ ಬೇರೆಯಾದವಳೋ, ವಿಧವೆಯೋ ಆಗಿದ್ದರೆ ಮಾತ್ರ. ಒಬ್ಬನೇ ಮಗನಿದ್ದಾಗಲೂ ಈ ನಿರ್ಬಂಧ ಅನ್ವಯವೆಂದು 1996ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಗಂಡನ ಮನೆಯಲ್ಲಿ ಹೊಡೆತ ತಿನ್ನುತ್ತಿದ್ದವಳು ಇನ್ನೂ ‘ಬೇರೆಯಾದವಳು’ ಆಗಿಲ್ಲದಿದ್ದರೆ ತವರಿನ ಬಾಗಿಲು ಕಾನೂನಿನ ದೃಷ್ಟಿಯಿಂದ ಮುಚ್ಚಿಯೇ ಇತ್ತು.

ಈ ನಡುವೆ ಆಂಧ್ರಪ್ರದೇಶ, ತಮಿಳುನಾಡುಗಳ ಬಳಿಕ ಕರ್ನಾಟಕವೂ 1994ರ ಜುಲೈ 30ರಿಂದ ಮಗಳನ್ನು ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಸಮಭಾಗಿಯನ್ನಾಗಿ ಮಾಡಿತು. ಆದರೆ ಅದಕ್ಕೆ ಮುನ್ನ ಮದುವೆಯಾದವರನ್ನು ಅದು ಬಿಟ್ಟುಬಿಟ್ಟಿತು. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ಗಾದೆ ಕಾನೂನಿನೊಳಗೂ ಉಳಿದುಕೊಂಡಿತು. ಒಂದೇ ಮನೆಯ ಅಕ್ಕನಿಗೆ ಇಲ್ಲ, ತಂಗಿಗೆ ಉಂಟು ಎಂಬ ಸ್ಥಿತಿ ಉಂಟಾಯಿತು.

23ನೆಯ ಕಲಮನ್ನು ಕೈಬಿಡಬೇಕೆಂದು ಕಾನೂನು ಆಯೋಗವು 2000ದ ತನ್ನ 174ನೆಯ ವರದಿಯಲ್ಲಿ ಶಿಫಾರಸು ಮಾಡಿತು. 2004ರ ಡಿಸೆಂಬರಿನಲ್ಲಿ ಮಸೂದೆ ಬಂದಾಗ, ಸ್ತ್ರೀಯರ ಭೂಮಿಯ ಹಕ್ಕನ್ನು ವರ್ಷಗಳ ಕಾಲ ಅಭ್ಯಸಿಸಿದ್ದ ಅರ್ಥಶಾಸ್ತ್ರಜ್ಞೆ ಬೀನಾ ಅಗರ್ವಾಲರೂ ಅನೇಕ ಮಹಿಳಾ ಸಂಘಟನೆಗಳೂ ಸಂಸದರನ್ನು ಕಂಡು, ಕೃಷಿಭೂಮಿಯನ್ನೂ ಅದರೊಳಗೆ ತರುವಂತೆ ಒತ್ತಾಯಿಸಿ ಯಶಸ್ವಿಯಾದರು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ತಿದ್ದುಪಡಿಯಿಂದ 23ನೆಯ ಕಲಮು ಅಳಿದುಹೋಯಿತು. ವಿವಾಹಿತೆಯೂ ಸೇರಿ ಎಲ್ಲ ಹೆಣ್ಣುಮಕ್ಕಳು ಸಮಭಾಗಿಗಳಾದರು. ತಿದ್ದುಪಡಿಯ ದಿನ ತಂದೆ ಬದುಕಿದ್ದರೇ ಇಲ್ಲವೇ ಎಂಬ ವಿವಾದವನ್ನು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಮಗಳ ಪರವಾಗಿ ಬಗೆಹರಿಸಿತು.

ಗಂಡನ ಮನೆಯಲ್ಲಿ ಇರುವ ಹಕ್ಕನ್ನು 2006ರ ಅಕ್ಟೋಬರ್ 26ರಿಂದ ಜಾರಿಗೆ ಬಂದ ಕೌಟುಂಬಿಕ ದೌರ್ಜನ್ಯ ತಡೆ ಕಾನೂನು ಕೊಟ್ಟಿತು. ಮನೆ ಯಾರ ಹೆಸರಿನಲ್ಲೇ ಇರಲಿ, ತಾನು ಸಂಸಾರ ಮಾಡಿದ ಮನೆಯಿಂದ ಆಕೆಯನ್ನು ಬಲಾತ್ಕಾರದಿಂದ ಹೊರಹಾಕುವಂತಿಲ್ಲ. ಆದರೆ ಎರಡೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ತೀರ್ಪೊಂದು, ಅತ್ತೆಯ ಹೆಸರಿನಲ್ಲಿದ್ದ ಮನೆಗೆ ಈ ಹಕ್ಕು ಸಲ್ಲದೆಂದು ಹೇಳಿ ಅದನ್ನು ಸಂಕುಚಿತಗೊಳಿಸಿತು. 14 ವರ್ಷಗಳ ಬಳಿಕ, 2020ರ ಅಕ್ಟೋಬರಿನಲ್ಲಿ, ಅದೇ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. ಅದೇ ವರ್ಷದ ಡಿಸೆಂಬರಿನಲ್ಲಿ ಬೆಂಗಳೂರಿನ ಮೊಕದ್ದಮೆಯೊಂದರಲ್ಲಿ, ಹಿರಿಯ ನಾಗರಿಕರ ರಕ್ಷಣೆಗೆಂದು 2007ರಲ್ಲಿ ಮಾಡಿದ ಕಾನೂನನ್ನು ಸೊಸೆಯ ವಾಸದ ಹಕ್ಕನ್ನು ಕಸಿಯುವ ಸಾಧನವಾಗಿ ಬಳಸಬಾರದೆಂದು ತೀರ್ಪಿತ್ತಿತು. ವೃದ್ಧಮಾತೆಗೆ ಆ 2007ರ ಕಾನೂನೇ ಆಸರೆ. ಸಾಕುವ ಷರತ್ತಿನ ಮೇಲೆ ಮಕ್ಕಳಿಗೆ ಬರೆದುಕೊಟ್ಟ ಮನೆಯನ್ನು, ಅವರು ಸಾಕದಿದ್ದರೆ ಆಕೆ ಹಿಂದಕ್ಕೆ ಪಡೆಯಬಹುದು. ಅತ್ತೆ, ಸೊಸೆ ಇಬ್ಬರಿಗೂ ಸೂರು ಬೇಕು. ಒಬ್ಬಳ ರಕ್ಷಣೆ ಇನ್ನೊಬ್ಬಳ ಬೀದಿಪಾಲಿಗೆ ಕಾರಣವಾಗಬಾರದು.

ಸಹಿಯ ಪ್ರಶ್ನೆ ಮತ್ತು ಅಚೌರ್ಯವ್ರತ

ಇಷ್ಟೆಲ್ಲ ಆದ ಮೇಲೂ ಕುಬಿಹಾಳದಂಥ ಊರಿನಲ್ಲಿ ಹಕ್ಕು ನಿಜವಾಗಬೇಕಾದದ್ದು ಉತಾರದ ಮೇಲೆ. ತಂದೆ ತೀರಿಕೊಂಡ ಬಳಿಕ ವಾರಸಾ ಮಾಡಿಸುವಾಗ ಯಾರ ಹೆಸರುಗಳನ್ನು ಬರೆಸುತ್ತಾರೆ? ಗ್ರಾಮ ಪಂಚಾಯತಿಯ ಮನೆಯ ದಾಖಲೆಯಲ್ಲಿ ತಾಯಿಯ ಹೆಸರು ಇದೆಯೇ? 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಯ ಮನೆಗಳನ್ನು ಅಳೆದು ಆಸ್ತಿಪತ್ರ ಕೊಡುವಾಗ ಅದರಲ್ಲಿ ಮಗಳ ಹೆಸರು ಸೇರಿದೆಯೇ? 2019ರ ಆಗಸ್ಟಿನ ಮಳೆಗೆ ಉತ್ತರ ಕರ್ನಾಟಕದಲ್ಲಿ ಮಣ್ಣಿನ ಮನೆಗಳು ಕುಸಿದು, ಪೂರ್ಣ ಬಿದ್ದ ಮನೆಗೆ ಸರಕಾರ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿದಾಗ, ದಾಖಲೆಯಲ್ಲಿ ಹೆಸರಿರುವುದರ ಬೆಲೆ ಎಷ್ಟೆಂಬುದು ಎಲ್ಲರಿಗೂ ತಿಳಿಯಿತು. ಸರಕಾರದ ವಸತಿ ಯೋಜನೆಗಳು ಹೊಸ ಮನೆಯನ್ನು ಸ್ತ್ರೀಯ ಹೆಸರಿನಲ್ಲಿ ಅಥವಾ ದಂಪತಿಗಳ ಜಂಟಿ ಹೆಸರಿನಲ್ಲಿ ಕೊಡುವ ನಿಯಮವನ್ನು ಬಹುಕಾಲದಿಂದ ಪಾಲಿಸುತ್ತಿವೆ. ಪಿತ್ರಾರ್ಜಿತ ಮನೆಗೆ ಅಂಥ ನಿಯಮ ಮಾಡುವವರು ಕುಟುಂಬದವರೇ.

ಇಲ್ಲಿಯೇ ಹಕ್ಕುಬಿಡುಗಡೆ ಪತ್ರದ ಮಾತು ಬರುತ್ತದೆ. ಪಾಲಿನ ದಿನ ಅಕ್ಕತಂಗಿಯರನ್ನು ಕರೆಸಿ, ಉಡಿ ತುಂಬಿ, ಸೀರೆಯುಡಿಸಿ, ಸಹಿ ಹಾಕಿಸಿಕೊಳ್ಳುವುದು ಅನೇಕ ಮನೆತನಗಳಲ್ಲಿ ಸಾಮಾನ್ಯವಾಗಿದೆ. ಸಹಿ ಹಾಕದಿದ್ದರೆ ತವರಿನ ಬಾಗಿಲು ಮುಚ್ಚೀತೆಂಬ ಭಯ ಆಕೆಗೆ. ‘ಆಕೆ ಪ್ರೀತಿಯಿಂದ ತ್ಯಾಗ ಮಾಡಿದಳು’ ಎನ್ನುತ್ತಾರೆ. ಆದರೆ ತ್ಯಾಗಕ್ಕೆ ಮೊದಲು ಸ್ವಾಮ್ಯ ಬೇಕು. ತನಗೆ ಎಷ್ಟು ಸಲ್ಲುತ್ತದೆಂಬುದನ್ನೇ ತಿಳಿಸದೆ ಪಡೆದ ಸಹಿ ತ್ಯಾಗವಾಗದು.

ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದೇ ಚೌರ್ಯವೆಂದು ಲಕ್ಷಣ ಹೇಳಿದ್ದಾರೆ. ಭಯದಿಂದಲೋ ಅಜ್ಞಾನದಿಂದಲೋ ಬಂದದ್ದು ‘ದತ್ತ’ವೇ ಎಂದು ಅಣುವ್ರತಿಯು ತನ್ನನ್ನು ಕೇಳಿಕೊಳ್ಳಬೇಕು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವೂ ಒಂದು. ರಾಜ್ಯದ ನ್ಯಾಯವಾದ ಕಟ್ಟಳೆಯನ್ನು ಮೀರಿ ಲಾಭ ಪಡೆಯುವುದು ಎಂದು ಅದರ ತಾತ್ಪರ್ಯ. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ, ನ್ಯಾಸಾಪಹಾರಗಳಿವೆ. ಹೆಣ್ಣುಮಕ್ಕಳ ಹೆಸರನ್ನು ಬಿಟ್ಟು ವಂಶವೃಕ್ಷ ಬರೆಸುವುದು ಕೂಟಲೇಖ. ಸೊಸೆಯ ಸ್ತ್ರೀಧನವನ್ನು ಹಿಂದಿರುಗಿಸದಿರುವುದು ನ್ಯಾಸಾಪಹಾರ. ಪತಿಯ ಕೈಯಲ್ಲಿರುವ ಸ್ತ್ರೀಧನವು ನಂಬಿಕೆಯಿಂದ ಒಪ್ಪಿಸಿದ ಸ್ವತ್ತು, ಅದನ್ನು ನುಂಗುವುದು ನಂಬಿಕೆದ್ರೋಹ ಎಂದು ಸುಪ್ರೀಂ ಕೋರ್ಟು 1985ರಲ್ಲಿ ಹೇಳಿದ್ದನ್ನು ಆಚಾರ್ಯರು ಬಹಳ ಹಿಂದೆಯೇ ವ್ರತದ ಭಾಷೆಯಲ್ಲಿ ಹೇಳಿದ್ದರು.

ಟ್ರಸ್ಟುಗಳು ಮಾಡಬಹುದಾದದ್ದು

ಬಸದಿಗಳ ಆಡಳಿತ ಮಂಡಳಿಗಳಿಗೆ ಈ ವಿಷಯದಲ್ಲಿ ಮೂರು ಕಾರ್ಯಗಳು ಸುಲಭಸಾಧ್ಯವಾಗಿವೆ.

ಮೊದಲನೆಯದು ದಾನಸ್ವೀಕಾರದ ವಿವೇಕ. ಮನೆ, ನಿವೇಶನ, ಹೊಲಗಳ ದಾನಪತ್ರ ಬಂದಾಗ ಅದರಲ್ಲಿ ಹೆಣ್ಣುಮಕ್ಕಳ ಪಾಲು ಇತ್ಯರ್ಥವಾಗಿದೆಯೇ, ಆ ಮನೆಯಲ್ಲಿ ವಿಧವೆಯೋ ವೃದ್ಧಮಾತೆಯೋ ವಾಸವಾಗಿರುವಳೇ ಎಂದು ವಿಚಾರಿಸಿಯೇ ಸ್ವೀಕರಿಸಬೇಕು. ವಾಸವಾಗಿದ್ದರೆ ಆಕೆಯ ಜೀವಿತಾವಧಿಯವರೆಗೆ ಮನೆ ಆಕೆಗೇ ಇರಬೇಕೆಂದು ಪತ್ರದಲ್ಲಿ ಬರೆಸಬೇಕು. ಮನಗೂಳಿಯ ಶಾಸನದ ಅನುಕ್ರಮವನ್ನು ಮೀರಿದ ದಾನದಿಂದ ಬಸದಿಗೆ ಶೋಭೆಯಿಲ್ಲ.

ಎರಡನೆಯದು ತಾತ್ಕಾಲಿಕ ಆಶ್ರಯ. ಯಾತ್ರಿನಿವಾಸಗಳಲ್ಲಿ ಒಂದೆರಡು ಕೋಣೆಗಳನ್ನು, ಜಾತಿಮತಗಳ ಭೇದವಿಲ್ಲದೆ, ಮನೆಯಿಂದ ಹೊರಬಿದ್ದ ಹೆಣ್ಣುಮಕ್ಕಳಿಗಾಗಿ ಮೀಸಲಿಡಬಹುದು. ಅಲ್ಲಿಂದ ಆಕೆ ಮುಂದಿನ ದಾರಿಯನ್ನು ಕಾಣಲು ಸಾಧ್ಯವಾಗುತ್ತದೆ. ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಕೌಟುಂಬಿಕ ದೌರ್ಜನ್ಯ ಕಾನೂನಿನ ಸಂರಕ್ಷಣಾಧಿಕಾರಿಗಳು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮದಂತೆ ಆದಾಯ ಎಷ್ಟೇ ಇರಲಿ, ಪ್ರತಿಯೊಬ್ಬ ಸ್ತ್ರೀಗೂ ಉಚಿತ ವಕೀಲರ ನೆರವುಂಟು. ಈ ಎರಡು ಬಾಗಿಲುಗಳನ್ನು ಆಕೆಗೆ ತೋರಿಸುವುದೂ, ಜೊತೆಗೆ ಹೋಗಲು ಒಬ್ಬರನ್ನು ಕಳಿಸುವುದೂ ಅಭಯದಾನವೇ.

ಮೂರನೆಯದು ತಿಳಿವಳಿಕೆ. ದಶಲಕ್ಷಣ ಪರ್ವದಲ್ಲಿ ಉತ್ತಮ ಶೌಚ, ಉತ್ತಮ ಆಕಿಂಚನ್ಯಗಳನ್ನು ಕುರಿತು ಪ್ರವಚನಗಳು ನಡೆಯುತ್ತವೆ. ಅಂಥ ಒಂದು ದಿನ ವಕೀಲರೊಬ್ಬರನ್ನು ಕರೆಸಿ ವಾರಸಾ, ಪಾಲು, ಹಕ್ಕುಬಿಡುಗಡೆಗಳ ವಿಷಯವನ್ನು ಶ್ರಾವಿಕೆಯರಿಗೆ ತಿಳಿಸಿದರೆ ಅದು ಧರ್ಮಕ್ಕೆ ಹೊರತಾದ ಕಾರ್ಯವಾಗದು. ಸಹಿ ಹಾಕುವುದೋ ಬಿಡುವುದೋ ಆಮೇಲೆ ಆಕೆಯ ಇಚ್ಛೆ. ತಿಳಿದು ಬಿಟ್ಟುಕೊಟ್ಟರೆ ಅದು ದಾನ, ಪಡೆದವನಿಗೂ ದೋಷವಿಲ್ಲ.

ಕುಮಾರಪಾಲನು ಬಿಟ್ಟುಕೊಟ್ಟದ್ದು ಒಂದು ರಾಜ್ಯದ ಆದಾಯವನ್ನು. ಇಂದು ಕಾನೂನು ಸ್ತ್ರೀಯ ಪರವಾಗಿಯೇ ಇರುವುದರಿಂದ ಬಿಟ್ಟುಕೊಡಬೇಕಾದದ್ದು ಬಹಳವೇನಿಲ್ಲ. ಸೋದರನು ಪಾಲಿನ ಪತ್ರದಲ್ಲಿ ಒಂದು ಹೆಸರನ್ನು ಸೇರಿಸಬೇಕು. ಮಗನು ಮನೆಯ ಉತಾರದಲ್ಲಿ ತಾಯಿಯ ಹೆಸರನ್ನು ಉಳಿಸಬೇಕು. ಪ್ರತಿಯೊಂದು ಮನೆತನವೂ ಮುಂದಿನ ಪರ್ವದ ವೇಳೆಗೆ ತನ್ನ ಕಾಗದಪತ್ರಗಳನ್ನು ತೆಗೆದು ಈ ಒಂದು ವಿಷಯವನ್ನು ಪರಿಶೀಲಿಸಿಕೊಳ್ಳುವುದು ಉಚಿತ.